ಸೂಜಿ ಮದ್ದು, ಬಾಯಿ ಮದ್ದು

‘ಗುಳಿಗೆ ಗಿಳಿಗೆ ಬೇಡ ಡಾಕ್ಟ್ರೇ, ಒಂದು ಸೂಜಿ ಮಾಡಿಬಿಡಿ’ ಎಂಬ ಮಾತು ಕೇಳಿಬರದ ದವಾಖಾನೆ ನಮ್ಮ ಹಳ್ಳಿ ಹೋಬಳಿಗಳಲ್ಲಿ ಸಿಕ್ಕುವುದು ಕಷ್ಟ. ಜ್ವರಕ್ಕೊಂದು, ಸುಸ್ತಿಗೊಂದು, ಸೊಂಟನೋವಿಗೊಂದು. ಚುಚ್ಚದೆ ಬರೀ ಚೀಟಿ ಬರೆದು ಕಳಿಸಿದ ವೈದ್ಯರ ಕೈಗುಣದ ಮೇಲೇ ಅನುಮಾನ ಹುಟ್ಟುವುದುಂಟು. ಸೂಜಿಗೆ ಈ ಪರಿ ಮರ್ಯಾದೆ ಸುಮ್ಮನೆ ಬಂದದ್ದಲ್ಲ. ಬಾಯಿಂದ ಹೋದ ಮದ್ದು ಜಠರದ ಆಮ್ಲದಲ್ಲಿ ಮುಳುಗೆದ್ದು, ಕರುಳಿನ ಗೋಡೆ ದಾಟಿ, ಯಕೃತ್ತಿನಲ್ಲಿ ಸುಂಕ ಕಟ್ಟಿ ಆಮೇಲೆ ರಕ್ತ ಸೇರಬೇಕು. ಸೂಜಿಗೆ ಇಂಥ ಯಾವ ಕಟ್ಟೆಯೂ ಇಲ್ಲ. ಹೆಬ್ಬಾಗಿಲು, ನಡುಮನೆ ಯಾವುದನ್ನೂ ಮುಟ್ಟದೆ ನೇರ ದೇವರಮನೆಗೇ ಹೋಗಿ ನಿಲ್ಲುತ್ತದೆ. ಅದರ ಬಲವೂ ಅಪಾಯವೂ ಅಲ್ಲೇ ಇದೆ. ಮದ್ದಿನ ಜತೆ ಬಂದದ್ದು ಏನೇ ಆಗಿರಲಿ, ಅದಕ್ಕೂ ಅದೇ ರಾಜಮಾರ್ಗ. ಈ ಶತಮಾನದ ಮೊದಲ ವರ್ಷಗಳಲ್ಲಿ ‘ಇಂಡಿಯಾಕ್ಲೆನ್’ ಎಂಬ ವೈದ್ಯ ಸಂಶೋಧಕರ ಜಾಲ ದೇಶದುದ್ದಕ್ಕೂ ಸಮೀಕ್ಷೆ ನಡೆಸಿದಾಗ, ಕೊಟ್ಟ ಇಂಜೆಕ್ಷನ್‌ಗಳಲ್ಲಿ ಸುಮಾರು ಶೇ 63ರಷ್ಟು ಒಂದಲ್ಲ ಒಂದು ಬಗೆಯಲ್ಲಿ ಅಸುರಕ್ಷಿತ ಎಂದು ಕಂಡುಬಂತು. ಇಂಥ ಸುದ್ದಿ ಬಂದಾಗಲೆಲ್ಲ ಸೂಜಿ ಹಿಡಿದವರು ಇನ್ನಷ್ಟು ಎಚ್ಚರದಿಂದಿರಬೇಕು ಎಂಬ ಬುದ್ಧಿಮಾತು ಹೊರಡುತ್ತದೆ. ಮಾತೇನೋ ಸರಿ, ಆದರೆ ಅದನ್ನೇ ನೆಚ್ಚಿ ಕೂರುವಂತಿಲ್ಲ. ಮದ್ದು ಕೊಡುವ ವಿಧಾನದೊಳಗೇ ಸುರಕ್ಷತೆಯನ್ನು ಕಟ್ಟಿಡಬೇಕು, ಕೊಡುವವರ ಜಾಗರೂಕತೆಗೆ ಅದನ್ನು ಒಪ್ಪಿಸಿ ಕೂರಬಾರದು ಎಂಬುದು ಇಲ್ಲಿನ ವಾದ.

ಇದಕ್ಕೆ ಈಜಿಪ್ಟಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ನೈಲ್ ನದಿಯ ಕಾಲುವೆಗಳಲ್ಲಿ ಇಳಿದು ದುಡಿಯುವ ರೈತರಿಗೆ ಬಸವನಹುಳುಗಳ ಮೂಲಕ ಹರಡುವ ಒಂದು ಪರೋಪಜೀವಿ ಹುಳುವಿನ ಕಾಟ ಫೇರೋಗಳ ಕಾಲದಿಂದಲೂ ಇತ್ತು. 1851ರಲ್ಲಿ ಕೈರೋದಲ್ಲಿದ್ದ ಜರ್ಮನ್ ವೈದ್ಯ ಥಿಯೊಡೋರ್ ಬಿಲ್‌ಹಾರ್ಜ್ ಆ ಹುಳುವನ್ನು ಗುರುತಿಸಿದ. ರೋಗಕ್ಕೆ ಬಿಲ್‌ಹಾರ್ಜಿಯಾ ಎಂದೇ ಹೆಸರಾಯಿತು. 1950ರ ದಶಕದಿಂದ 80ರ ದಶಕದ ಆರಂಭದವರೆಗೆ ಸರ್ಕಾರ ಹಳ್ಳಿಹಳ್ಳಿಗೂ ಹೋಗಿ ಆಂಟಿಮನಿ ಲವಣದ ಮದ್ದನ್ನು ರಕ್ತನಾಳಕ್ಕೆ ಚುಚ್ಚಿತು. ಒಬ್ಬೊಬ್ಬರಿಗೆ ಹತ್ತು ಹನ್ನೆರಡಕ್ಕೂ ಮೀರಿ ಸೂಜಿಗಳು, ವಾರಗಟ್ಟಲೆ. ಅಲ್ಲಿ ನಡೆಯುತ್ತಿದ್ದ ಕೆಲಸವನ್ನು ಕಣ್ಣಾರೆ ಕಂಡ ಒಬ್ಬ ಪಾಶ್ಚಾತ್ಯ ವೈದ್ಯ 1960ರ ದಶಕದಲ್ಲಿ ಮೆಚ್ಚಿ ಬರೆದದ್ದು ದಾಖಲಾಗಿದೆ: ನುರಿತ ವೈದ್ಯರೊಬ್ಬರು ಒಂದು ಗಂಟೆಯೊಳಗೆ ಐನೂರಕ್ಕೂ ಹೆಚ್ಚು ಜನರಿಗೆ ಸೂಜಿ ಹಾಕಿ ಮುಗಿಸಿದರು, ಬಳಸಿದ ಗಾಜಿನ ಸಿರಿಂಜ್ ತಟ್ಟೆಗೆ ಬೀಳುತ್ತಿತ್ತು, ನರ್ಸ್ ತೊಳೆದು ಒಂದೆರಡು ನಿಮಿಷ ಕುದಿಸುತ್ತಿದ್ದರು, ಅದು ಮತ್ತೆ ವೈದ್ಯರ ಕೈಗೆ ಬರುತ್ತಿತ್ತು. ಇಲ್ಲಿ ಸೋಮಾರಿಗಳಿಲ್ಲ, ಕಳ್ಳರಿಲ್ಲ, ನಕಲಿ ವೈದ್ಯರಿಲ್ಲ. ಎಲ್ಲರೂ ಶ್ರದ್ಧೆಯಿಂದಲೇ ದುಡಿಯುತ್ತಿದ್ದಾರೆ. ಆದರೆ ಆ ಒಂದೆರಡು ನಿಮಿಷದ ಕುದಿತಕ್ಕೆ ಜಗ್ಗದ ವೈರಸ್ಸೊಂದು ಸಿರಿಂಜಿನಲ್ಲಿ ಊರಿಂದೂರಿಗೆ ಪಯಣಿಸುತ್ತಿತ್ತು. ಹೆಪಟೈಟಿಸ್ ಸಿ ಎಂದು ಅದಕ್ಕೆ ಹೆಸರು ಬಿದ್ದದ್ದೇ 1989ರಲ್ಲಿ. 2008ರ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 59 ವಯಸ್ಸಿನ ಈಜಿಪ್ಷಿಯನ್ನರ ಪೈಕಿ ಸುಮಾರು ಶೇ 15 ಜನರ ರಕ್ತದಲ್ಲಿ ಅದರ ಗುರುತು ಸಿಕ್ಕಿತು. ಜಗತ್ತಿನಲ್ಲೇ ಅತಿ ಹೆಚ್ಚು ಸೋಂಕಿದ್ದ ದೇಶಗಳಲ್ಲಿ ಅದೂ ಒಂದಾಗಿತ್ತು. ಒಂದು ರೋಗದಿಂದ ಬಿಡಿಸಲು ಹೋದ ಕೈಗಳೇ ಅರಿಯದೆ ಇನ್ನೊಂದನ್ನು ಬಿತ್ತಿದ್ದವು. ಬಿಲ್‌ಹಾರ್ಜಿಯಾಕ್ಕೆ ಪ್ರಾಜಿಕ್ವಾಂಟೆಲ್ ಎಂಬ ಗುಳಿಗೆ ಬಂದ ಮೇಲೆ ಆ ಸೂಜಿಗಳು ನಿಂತವು.

ಎಚ್ಚರ ಇಲ್ಲಿ ಏಕೆ ಕೈಕೊಡುತ್ತದೆ? ಬಡಗಿ ತಪ್ಪಾಗಿ ಕೊಯ್ದರೆ ಮರ ಅಲ್ಲೇ ಹೇಳುತ್ತದೆ, ಅಡುಗೆಯಲ್ಲಿ ಉಪ್ಪು ಹೆಚ್ಚಾದರೆ ನಾಲಿಗೆ ಹೇಳುತ್ತದೆ. ತಪ್ಪು ಮಾಡಿದವರಿಗೆ ತಪ್ಪು ತಿರುಗಿ ಬಂದು ತಟ್ಟಿದಾಗಲೇ ಕೈ ಕಲಿಯುವುದು. ಸೂಜಿಯ ತಪ್ಪು ಮಾತನಾಡುವುದಿಲ್ಲ. ಹೆಪಟೈಟಿಸ್ ಸಿ ಯಕೃತ್ತನ್ನು ತಿಂದು ಮುಗಿಸಲು ಇಪ್ಪತ್ತು ಮೂವತ್ತು ವರ್ಷ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಚುಚ್ಚಿದವರು ನಿವೃತ್ತರಾಗಿರುತ್ತಾರೆ, ಚುಚ್ಚಿಸಿಕೊಂಡವರು ಮರೆತಿರುತ್ತಾರೆ. ಸಾಲದ್ದಕ್ಕೆ ಕಣ್ಣಿಗೆ ಕಾಣುವ ಎಚ್ಚರವೇ ದಾರಿ ತಪ್ಪಿಸುತ್ತದೆ. ‘ಸೂಜಿ ಬದಲಾಯಿಸಿದ್ದೇನೆ, ಸಿರಿಂಜ್ ಮಾತ್ರ ಅದೇ’ ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಅಷ್ಟು ಸಾಕೆಂದು ನಂಬಿರುತ್ತಾರೆ. ಆದರೆ ಬಳಸಿದ ಸೂಜಿಯನ್ನು ಸಿರಿಂಜಿನ ಮೂತಿಯಿಂದ ಕೀಳುವಾಗ ಆಗುವ ಚಿಕ್ಕ ಹೀರಿಕೆಗೆ, ಸೂಜಿಯ ಬುಡದಲ್ಲಿ ಕಣ್ಣಿಗೂ ಕಾಣದಷ್ಟು ಉಳಿದ ರಕ್ತ ಕೊಳವೆಯೊಳಕ್ಕೆ ಜಾರಬಹುದು. ಹೊಸ ಸೂಜಿ ತೊಡಿಸಿದರೂ ಒಳಗಿರುವುದು ಹಳೆಯ ರೋಗಿಯ ರಕ್ತವೇ. ಸೋಂಕಿನ ರಕ್ತವಿದ್ದ ಸೂಜಿ ಒಮ್ಮೆ ಚುಚ್ಚಿದರೆ ಹೆಪಟೈಟಿಸ್ ಬಿ ತಗಲುವ ಸಂಭವ ನೂರಕ್ಕೆ ಮೂವತ್ತರವರೆಗೆ, ಹೆಪಟೈಟಿಸ್ ಸಿ ಸುಮಾರು ಮೂರು, ಎಚ್‌ಐವಿ ಸಾವಿರಕ್ಕೆ ಸುಮಾರು ಮೂರು ಎಂಬ ಲೆಕ್ಕವನ್ನು ವೈದ್ಯ ವಿದ್ಯಾರ್ಥಿಗಳು ಬಾಯಿಪಾಠ ಮಾಡಿರುತ್ತಾರೆ.

ಇದೆಲ್ಲ ನಕಲಿ ವೈದ್ಯರ ಕೆಲಸ, ಅವರನ್ನು ಹಿಡಿದು ಜೈಲಿಗೆ ಹಾಕಿದರೆ ಮುಗಿಯಿತು ಎಂಬ ಆಕ್ಷೇಪಕ್ಕೆ ಉದಾಹರಣೆಗಳ ಬೆಂಬಲವೇನೋ ಇದೆ. ಕಾಂಬೋಡಿಯಾದ ರೋಕಾ ಎಂಬ ಹಳ್ಳಿಯಲ್ಲಿ 2014ರ ಕೊನೆಗೆ ಇನ್ನೂರಕ್ಕೂ ಹೆಚ್ಚು ಜನರಲ್ಲಿ ಎಚ್‌ಐವಿ ಪತ್ತೆಯಾಯಿತು. ಪರವಾನಗಿಯಿಲ್ಲದೆ ಚಿಕಿತ್ಸೆ ಕೊಡುತ್ತಿದ್ದವನಿಗೆ 25 ವರ್ಷ ಶಿಕ್ಷೆಯಾಯಿತು. 2018ರಲ್ಲಿ ಉತ್ತರಪ್ರದೇಶದ ಉನ್ನಾವ್ ಜಿಲ್ಲೆಯಿಂದಲೂ ಅಂಥದೇ ಸುದ್ದಿ ಬಂತು. ಆದರೆ 2009ರಲ್ಲಿ ಗುಜರಾತಿನ ಮೊಡಾಸಾ ಸುತ್ತ ಹೆಪಟೈಟಿಸ್ ಬಿ ಹಬ್ಬಿ ಎಂಬತ್ತಕ್ಕೂ ಹೆಚ್ಚು ಜನ ಸತ್ತಾಗ ತನಿಖೆ ಹೋಗಿ ತಲುಪಿದ್ದು ನೋಂದಾಯಿತ ದವಾಖಾನೆಗಳ ಬಾಗಿಲಿಗೆ, ಮತ್ತು ಬಳಸಿ ಎಸೆದ ಸಿರಿಂಜುಗಳು ಗುಜರಿ ಸೇರುವ ದಾರಿಗೆ. 2019ರಲ್ಲಿ ಪಾಕಿಸ್ತಾನದ ರತೋದೇರೊ ಪಟ್ಟಣದಲ್ಲಿ ಎಂಟುನೂರಕ್ಕೂ ಹೆಚ್ಚು ಜನರಿಗೆ, ಅದರಲ್ಲೂ ಬಹುಪಾಲು ಪುಟ್ಟ ಮಕ್ಕಳಿಗೆ, ಎಚ್‌ಐವಿ ತಗಲಿದ್ದು ಗೊತ್ತಾಯಿತು. ಒಬ್ಬನನ್ನು ಹಿಡಿದದ್ದರಿಂದ ಅಷ್ಟು ವಿಸ್ತಾರದ ಸೋಂಕಿಗೆ ವಿವರಣೆ ಸಿಗುವುದಿಲ್ಲ. ಶಿಕ್ಷೆ ಬೇಡವೆಂದಲ್ಲ. ಅದು ಬರುವುದು ಸೋಂಕು ತಗಲಿದ ಮೇಲೆ, ಮತ್ತು ಅದು ತಟ್ಟುವುದು ಸಿಕ್ಕಿಬಿದ್ದವನಿಗೆ ಮಾತ್ರ.

ತಪ್ಪು ನಡೆಯುವ ಮೊದಲೇ ತಡೆಯುವ ದಾರಿ ಸಾಧನದೊಳಗೇ ಇದೆ. ಬ್ರಿಟನ್ನಿನ ಮಾರ್ಕ್ ಕೋಸ್ಕ ಎಂಬವರು 1984ರಲ್ಲಿ ಪತ್ರಿಕೆಯೊಂದರಲ್ಲಿ ಸಿರಿಂಜ್ ಮರುಬಳಕೆಯಿಂದ ಎಚ್‌ಐವಿ ಹರಡಬಹುದೆಂಬ ಬರಹ ಓದಿ, ಎರಡನೆಯ ಸಲ ಬಳಸಲಾಗದ ಸಿರಿಂಜ್ ಮಾಡುವ ಹಟ ಹಿಡಿದರು. ಅವರೊಬ್ಬರೇ ಅಲ್ಲ, ಆ ಕಾಲದಲ್ಲಿ ಹಲವರು ಅದೇ ದಾರಿಯಲ್ಲಿದ್ದರು. ಇಂಥ ಸಿರಿಂಜನ್ನು ಕೈಯಲ್ಲಿ ಹಿಡಿದು ನೋಡಿದರೆ ಮಾಮೂಲಿನದಕ್ಕೂ ಅದಕ್ಕೂ ವ್ಯತ್ಯಾಸ ತಟ್ಟನೆ ಕಾಣುವುದಿಲ್ಲ. ದಬ್ಬುಕೋಲನ್ನು ಒಮ್ಮೆ ಹಿಂದೆಳೆಯಬಹುದು, ಮದ್ದು ತುಂಬಿಕೊಳ್ಳುತ್ತದೆ. ಒತ್ತಿದರೆ ಮದ್ದು ಒಳಗೆ ಹೋಗುತ್ತದೆ. ಕೊನೆ ಮುಟ್ಟಿದಾಗ ಒಳಗಿನ ಒಂದು ಚಿಕ್ಕ ಕೊಕ್ಕೆ ‘ಟಕ್’ ಎಂದು ಕಚ್ಚಿಕೊಳ್ಳುತ್ತದೆ. ಮತ್ತೆ ಎಳೆಯಲು ಹೋದರೆ ಕೋಲು ಮುರಿದು ಕೈಗೆ ಬರುತ್ತದೆ, ಅಥವಾ ಕದಲುವುದೇ ಇಲ್ಲ. ಕೆಲವು ಮಾದರಿಗಳಲ್ಲಿ ಸೂಜಿಯೇ ಆಮೆಯ ತಲೆಯಂತೆ ಒಳಕ್ಕೆ ಸರಿದುಬಿಡುತ್ತದೆ. ನಕಲಿ ವೈದ್ಯನ ಕೈಯಲ್ಲಿದ್ದರೂ ಅದು ಒಂದೇ ಸಲ, ಪ್ರೊಫೆಸರ್ ಕೈಯಲ್ಲಿದ್ದರೂ ಒಂದೇ ಸಲ. ಗುಜರಿಯವನು ತೊಳೆದು ಹೊಸ ಪ್ಯಾಕಿನಲ್ಲಿ ಹಾಕಿ ಮಾರುವುದೂ ಸಾಧ್ಯವಿಲ್ಲ. 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತಿತರರು ಸೇರಿ ಲಸಿಕೆಗೆಲ್ಲ ಇಂಥ ಸಿರಿಂಜುಗಳನ್ನೇ ಬಳಸಬೇಕೆಂದು ಕರೆ ಕೊಟ್ಟರು. 2005ರ ಹೊತ್ತಿಗೆ ಭಾರತದ ಲಸಿಕಾ ಕಾರ್ಯಕ್ರಮಕ್ಕೂ ಅವು ಬಂದವು. ಕೋವಿಡ್ ಕಾಲದಲ್ಲಿ ಶಾಲೆಯ ವರಾಂಡದಲ್ಲೋ ಸಮುದಾಯ ಭವನದಲ್ಲೋ ಸಾಲಿನಲ್ಲಿ ಕೂತು ನಾವು ಹಾಕಿಸಿಕೊಂಡದ್ದೂ ಹೆಚ್ಚಾಗಿ ಇಂಥ ಅರ್ಧ ಮಿಲಿಲೀಟರಿನ ಸಿರಿಂಜಿನಿಂದಲೇ. 2021ರ ಅಕ್ಟೋಬರ್ 21ಕ್ಕೆ ದೇಶದಲ್ಲಿ ನೂರು ಕೋಟಿ ಡೋಸ್ ಮುಗಿದವು. ಅಷ್ಟು ಅವಸರದಲ್ಲಿ, ಅಷ್ಟು ದಣಿದ ಕೈಗಳು ಚುಚ್ಚುತ್ತಿದ್ದಾಗಲೂ ಹಳೆಯ ಸಿರಿಂಜ್ ಬಳಸಿಬಿಟ್ಟಾರೆಂಬ ಚಿಂತೆ ಆ ಸಾಲಿನಲ್ಲಿದ್ದವರಿಗೆ ಇರಬೇಕಿರಲಿಲ್ಲ.

ತೊಡಕೆಂದರೆ, ಜಗತ್ತಿನಲ್ಲಿ ವರ್ಷಕ್ಕೆ ಹಾಕುವ ಸುಮಾರು 1,600 ಕೋಟಿ ಇಂಜೆಕ್ಷನ್‌ಗಳಲ್ಲಿ ಲಸಿಕೆಯ ಪಾಲು ನೂರಕ್ಕೆ ಐದರಷ್ಟೇ. ಸುಮಾರು ಶೇ 90 ಚಿಕಿತ್ಸೆಯ ಹೆಸರಿನವು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವುಗಳಿಗೂ ಮರುಬಳಕೆ ತಡೆಯುವ ಸಿರಿಂಜುಗಳೇ ಬರಬೇಕು, 2020ರ ಗಡುವು ಎಂದಿತು. ಗಡುವು ದಾಟಿಹೋಯಿತು, ಊರಿನ ದವಾಖಾನೆಗಳಲ್ಲಿ ಮಾಮೂಲಿ ಸಿರಿಂಜುಗಳು ಹಾಗೇ ಇವೆ. ದುಬಾರಿ ಎಂಬುದು ಮೊದಲ ತಕರಾರು. ಬೆಲೆ ಎರಡು ಪಟ್ಟಾದರೂ ಆಗುತ್ತದೆ, ನಿಜ. ಆದರೆ ಎರಡು ಪಟ್ಟಾದರೂ ಅದು ಒಂದು ಕಾಫಿಯ ಬೆಲೆ ಮುಟ್ಟುವುದಿಲ್ಲ, ಮತ್ತು ಹೆಪಟೈಟಿಸ್‌ನ ಖರ್ಚನ್ನು ಯಾರೂ ಸಿರಿಂಜಿನ ರಸೀದಿಯಲ್ಲಿ ಬರೆಯುವುದಿಲ್ಲ. ಎರಡನೆಯ ತಕರಾರಿಗೆ ತೂಕ ಹೆಚ್ಚು: ಯಂತ್ರವನ್ನು ನಂಬಿ ಕೆಟ್ಟ ಉದಾಹರಣೆಗಳಿಲ್ಲವೇ? ಇವೆ. ಸೂಜಿಯೇ ಇಲ್ಲದೆ ಒತ್ತಡದಿಂದ ಚರ್ಮದೊಳಕ್ಕೆ ಮದ್ದು ಚಿಮ್ಮಿಸುವ ಬಂದೂಕಿನಂಥ ಯಂತ್ರಗಳನ್ನು ಸಿಡುಬು ನಿರ್ಮೂಲನದ ಕಾಲದಲ್ಲಿ ಲಕ್ಷಾಂತರ ಜನರ ಮೇಲೆ ಬಳಸಿದರು. ಸೂಜಿಯಿಲ್ಲವೆಂದ ಮೇಲೆ ಸೋಂಕೆಲ್ಲಿ ಎಂಬ ಭರವಸೆ. 1985ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಚಿಕಿತ್ಸಾಲಯದಲ್ಲಿ ಅಂಥ ಯಂತ್ರದಿಂದಲೇ ಹೆಪಟೈಟಿಸ್ ಬಿ ಹರಡಿತು: ಚರ್ಮದಿಂದ ಮರಳಿ ಸಿಡಿದ ರಕ್ತದ ಕಣ ಯಂತ್ರದ ಮೂತಿಯಲ್ಲಿ ಉಳಿದು ಮುಂದಿನವರಿಗೆ ದಾಟುತ್ತಿತ್ತು. 1997ರಲ್ಲಿ ಅಮೆರಿಕದ ಸೇನೆಯೂ ಅವನ್ನು ಕೈಬಿಟ್ಟಿತು. ಇಲ್ಲಿ ಕೊರತೆ ಇದ್ದದ್ದು ಯಂತ್ರವಾದ್ದರಿಂದಲ್ಲ, ಒಬ್ಬರನ್ನು ಮುಟ್ಟಿದ ಭಾಗ ಇನ್ನೊಬ್ಬರನ್ನು ಮುಟ್ಟದಂತೆ ಅದನ್ನು ಕಟ್ಟಿರಲಿಲ್ಲವಾದ್ದರಿಂದ. 2021ರಲ್ಲಿ ಭಾರತ ಒಪ್ಪಿಗೆ ಕೊಟ್ಟ ಸೂಜಿರಹಿತ ಕೋವಿಡ್ ಲಸಿಕೆಯ ಸಾಧನದಲ್ಲಿ ಮೂತಿಯ ಭಾಗ ಒಬ್ಬರಿಗೆ ಒಂದರಂತೆ ಬದಲಾಗುತ್ತದೆ.

ಇನ್ನು ಸಿರಿಂಜ್ ಎಷ್ಟೇ ಒಳ್ಳೆಯದಾಗಲಿ, ಹಾಕದೆ ಬಿಟ್ಟ ಇಂಜೆಕ್ಷನ್ನಿನಷ್ಟು ಸುರಕ್ಷಿತವಾದ ಇಂಜೆಕ್ಷನ್ ಯಾವುದೂ ಇಲ್ಲ. ಬೇಕೇಬೇಕಾದವು ಇವೆ. ಇನ್ಸುಲಿನ್ ಒಂದು ಪ್ರೋಟೀನು, ನುಂಗಿದರೆ ಹೊಟ್ಟೆ ಅದನ್ನು ಬೇಳೆಯ ಹಾಗೆ ಜೀರ್ಣಿಸಿಬಿಡುತ್ತದೆ. ಹಾವು ಕಚ್ಚಿದವರಿಗೆ ಪ್ರತಿವಿಷ, ಅಲರ್ಜಿಯಿಂದ ಉಸಿರು ಕಟ್ಟುತ್ತಿರುವವರಿಗೆ ಅಡ್ರಿನಲಿನ್, ನಾಯಿ ಕಚ್ಚಿದವರಿಗೆ ಲಸಿಕೆ, ಇವಕ್ಕೆ ಗುಳಿಗೆ ಬದಲಿಯಲ್ಲ. (ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಭಯಕ್ಕೆ ಈಗ ಆಧಾರವಿಲ್ಲ, ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಹಳೆಯ ಲಸಿಕೆಯನ್ನು ಭಾರತ 2004ರ ಕೊನೆಗೇ ನಿಲ್ಲಿಸಿದೆ.) ಆದರೆ ದವಾಖಾನೆಯ ಬೆಂಚಿನಲ್ಲಿ ಕೂತವರಿಗೆ ಸಿಗುವ ಹೆಚ್ಚಿನ ಸೂಜಿಗಳು ಈ ಜಾತಿಯವಲ್ಲ. ಸುಸ್ತೆಂದು ಬಂದವರಿಗೆ ಏರಿಸುವ ‘ಗ್ಲೂಕೋಸ್ ಬಾಟ್ಲಿ’ಯನ್ನೇ ನೋಡಿ. ಶೇ 5ರ ಅರ್ಧ ಲೀಟರಿನಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್, ಅಂದರೆ ಐದಾರು ಚಮಚ ಸಕ್ಕರೆಯಷ್ಟು. ಒಂದೆರಡು ಇಡ್ಲಿ ತಿಂದರೆ ಬರುವ ಶಕ್ತಿಗಾಗಿ ಗಂಟೆಗಟ್ಟಲೆ ಮಲಗಿ, ನಾಳಕ್ಕೆ ಸೂಜಿ ಚುಚ್ಚಿಸಿಕೊಂಡು, ನೂರಾರು ರೂಪಾಯಿ ಕೊಟ್ಟು ಎದ್ದು ಬರುತ್ತೇವೆ. ‘ಶಕ್ತಿ ಸೂಜಿ’ ಎಂದು ಹಾಕುವ ಬಿ12 ಜೀವಸತ್ವವನ್ನು ಸ್ವೀಡನ್ನಿನಲ್ಲಿ ದಶಕಗಳಿಂದ ಹೆಚ್ಚಾಗಿ ಗುಳಿಗೆಯಾಗಿಯೇ ಕೊಡುತ್ತಾರೆ.

ಸೂಜಿಯೇ ಬೇಗ ನಾಟುತ್ತದೆ ಎಂಬ ನಂಬಿಕೆ ಸುಳ್ಳಿನಿಂದ ಹುಟ್ಟಿದ್ದಲ್ಲ. 1950ರ ದಶಕದಲ್ಲಿ ಯಾಸ್ ಎಂಬ ಹುಣ್ಣಿನ ರೋಗಕ್ಕೆ ಒಂದೇ ಒಂದು ಪೆನಿಸಿಲಿನ್ ಸೂಜಿ ಹಾಕಿದರೆ, ವರ್ಷಗಟ್ಟಲೆ ಕೀವು ಸೋರುತ್ತಿದ್ದ ಹುಣ್ಣು ದಿನಗಳಲ್ಲಿ ಒಣಗುತ್ತಿತ್ತು. ಅದನ್ನು ಕಂಡ ಊರಿನವರು ಸೂಜಿಗೆ ಕೈಮುಗಿದದ್ದರಲ್ಲಿ ಆಶ್ಚರ್ಯವಿಲ್ಲ. ತಪ್ಪು ನಡೆದದ್ದು ಮದ್ದಿನ ಕೀರ್ತಿಯನ್ನು ಅದು ಹೋದ ದಾರಿಗೆ ಕಟ್ಟಿದ್ದರಲ್ಲಿ. ದಾರಿ ಬದಲಾದರೂ ಜೀವ ಉಳಿಯುತ್ತದೆಂಬುದಕ್ಕೆ 1971ರ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರವಿದೆ. ಬಾಂಗ್ಲಾ ಯುದ್ಧದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿ, ನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ಕುಡಿಸುವವರು ರೋಗಿಗಳ ಮನೆಯವರೇ. ಸಾವು ನೂರಕ್ಕೆ ಮೂವತ್ತರ ಆಸುಪಾಸಿನಿಂದ ನಾಲ್ಕರೊಳಗೆ ಇಳಿಯಿತು. ಇಂದು ಅಂಗನವಾಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣಕ್ಕೆ ಜಗತ್ತಿನ ಮನ್ನಣೆ ತಂದುಕೊಟ್ಟವುಗಳಲ್ಲಿ ಆ ಶಿಬಿರದ ಡ್ರಮ್ಮುಗಳೂ ಸೇರಿವೆ.

‘ನಾವೇನು ಮಾಡೋದು, ರೋಗಿಗಳೇ ಕೇಳುತ್ತಾರೆ; ಕೊಡದಿದ್ದರೆ ಪಕ್ಕದ ಬೀದಿಗೆ ಹೋಗುತ್ತಾರೆ’ ಎಂಬುದು ವೈದ್ಯರ ಕಡೆಯಿಂದ ಬರುವ ಕೊನೆಯ ಆಕ್ಷೇಪ. ಇದರಲ್ಲಿ ಸಂಕಟವೂ ಇದೆ, ಸ್ವಲ್ಪ ಸೌಕರ್ಯವೂ ಇದೆ: ಸಲಹೆಗೆ ದುಡ್ಡು ಕೊಡಲು ಹಿಂದೆಮುಂದೆ ನೋಡುವ ಊರಿನಲ್ಲಿ ಸೂಜಿ ಹಾಕಿದರೆ ಫೀಸಿಗೊಂದು ಕಣ್ಣಿಗೆ ಕಾಣುವ ಕಾರಣ ಸಿಗುತ್ತದೆ. ರೋಗಿಗಳನ್ನು ಕೇಳಿದರೆ ‘ಡಾಕ್ಟ್ರು ಹಾಕಿದರು, ಹಾಕಿಸಿಕೊಂಡೆ’ ಎನ್ನುತ್ತಾರೆ. ಎರಡೂ ಕಡೆಯವರು ಇನ್ನೊಬ್ಬರ ಮನಸ್ಸನ್ನು ಊಹಿಸಿಕೊಂಡೇ ನಡೆಯುತ್ತಿರುತ್ತಾರೆ. 1990ರ ದಶಕದಲ್ಲಿ ಇಂಡೋನೇಷ್ಯಾದ ಸಂಶೋಧಕರು ಈ ಊಹೆಯನ್ನೇ ಪರೀಕ್ಷೆಗೆ ಒಡ್ಡಿದರು. ಆರೋಗ್ಯ ಕೇಂದ್ರಗಳ ವೈದ್ಯ ಸಿಬ್ಬಂದಿಯನ್ನೂ ಅಲ್ಲಿಗೆ ಬರುವ ರೋಗಿಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಸೂಜಿ ಏಕೆ ಹಾಕುತ್ತೀರಿ, ಏಕೆ ಬಯಸುತ್ತೀರಿ ಎಂದು ಪರಸ್ಪರ ಮಾತನಾಡಿಸಿದರು. ಎಲ್ಲ ರೋಗಿಗಳೂ ಸೂಜಿಯನ್ನೇ ಬಯಸುತ್ತಾರೆಂಬ ನಂಬಿಕೆ ನಿಲ್ಲಲಿಲ್ಲ. ಆ ಕೇಂದ್ರಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಜನರಿಗೆ ಬೀಳುತ್ತಿದ್ದ ಇಂಜೆಕ್ಷನ್ ಆಮೇಲೆ ನಲವತ್ತೆರಡಕ್ಕೆ ಇಳಿಯಿತು.