ಉಬ್ಬಸ ಇಲ್ಲದ ದಿನವೂ ಇನ್ಹೇಲರ್ ಏಕೆ?

ಶರೀರವು ಅಲ್ಲಾಹನು ನಮ್ಮ ಕೈಗೊಪ್ಪಿಸಿದ ಅಮಾನತ್ತು. ಚಿಕಿತ್ಸೆ ಪಡೆಯಬೇಕೇ ಎಂದು ಕೇಳಿ ಬಂದವರಿಗೆ ಪ್ರವಾದಿ(ಸ)ರು ಪಡೆಯಿರಿ ಎಂದೇ ಹೇಳಿದ್ದರು. ಹಗಲಿಡೀ ಉಪವಾಸ, ರಾತ್ರಿಯಿಡೀ ನಮಾಝ್ ಎಂದು ಕಳೆಯುತ್ತಿದ್ದ ಅಬ್ದುಲ್ಲಾ ಇಬ್ನ್ ಅಮ್ರ್(ರ)ರಿಗೆ ನಿಮ್ಮ ಶರೀರಕ್ಕೂ ನಿಮ್ಮ ಮೇಲೆ ಹಕ್ಕಿದೆ ಎಂದು ನೆನಪಿಸಿದ್ದರು. ಇದನ್ನೆಲ್ಲ ನಾವು ಜುಮಾ ಖುತ್ಬಾಗಳಲ್ಲಿ ಕೇಳುತ್ತಲೇ ಇರುತ್ತೇವೆ. ಆದರೆ ಈ ಹಕ್ಕನ್ನು ನಾವು ಮರೆಯುವ ಒಂದು ಕಾಯಿಲೆಯಿದೆ. ಅದು ಆಸ್ತಮಾ. ನಮ್ಮಲ್ಲಿ ಕೆಲವರು ಉಬ್ಬಸ ಎನ್ನುತ್ತಾರೆ, ಕೆಲವರು ದಮ್ಮು, ಗೂರಲು ಎನ್ನುತ್ತಾರೆ.

ಈ ಕಾಯಿಲೆಯವರ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. ಮಳೆಗಾಲದಲ್ಲಿ ಉಸಿರು ಕಟ್ಟುತ್ತದೆ. ವೈದ್ಯರು ದಿನಾ ಎರಡು ಹೊತ್ತು ಸೇದಲು ಒಂದು ಇನ್ಹೇಲರ್ ಬರೆದುಕೊಡುತ್ತಾರೆ. ಎರಡು-ಮೂರು ವಾರಗಳಲ್ಲಿ ಎದೆ ಹಗುರಾಗುತ್ತದೆ. ಆಗ ಮನೆಯಲ್ಲಿ ಮಾತು ಹುಟ್ಟುತ್ತದೆ: ‘ಈಗ ಗುಣವಾಗಿದೆಯಲ್ಲ, ಸ್ಟೆರಾಯ್ಡ್ ಏಕೆ? ಚಟವಾದೀತು.’ ಇನ್ಹೇಲರ್ ಕಪಾಟಿನ ಮೂಲೆ ಸೇರುತ್ತದೆ. ಮತ್ತೆ ಉಸಿರು ಕಟ್ಟಿದಾಗ ತಕ್ಷಣ ಆರಾಮ ಕೊಡುವ ಇನ್ನೊಂದು ಪಂಪನ್ನು ಔಷಧದಂಗಡಿಯಿಂದ ತಂದು ಅದರಲ್ಲೇ ದಿನ ದೂಡುತ್ತಾರೆ. ತಪ್ಪು ಇರುವುದು ಇಲ್ಲೇ. ಉಸಿರು ಸರಿಯಾಗಿದ್ದದ್ದು ಆ ಇನ್ಹೇಲರ್‌ನಿಂದ. ಅದನ್ನು ಸೇದಬೇಕಾದದ್ದೂ ಚೆನ್ನಾಗಿರುವ ದಿನಗಳಲ್ಲೇ.

ಜಗತ್ತಿನ ಆಸ್ತಮಾ ರೋಗಿಗಳಲ್ಲಿ ಸುಮಾರು 13 ಶೇಕಡ ಮಂದಿ ಭಾರತದಲ್ಲಿದ್ದಾರೆ. ಆದರೆ ಆಸ್ತಮಾದಿಂದ ಸಾಯುವವರಲ್ಲಿ 40 ಶೇಕಡಕ್ಕೂ ಹೆಚ್ಚು ಮಂದಿ ಭಾರತೀಯರು ಎಂಬುದು ಜಾಗತಿಕ ಅಂದಾಜು. ಈ ವ್ಯತ್ಯಾಸಕ್ಕೆ ವೈದ್ಯರು ಹೇಳುವ ಮುಖ್ಯ ಕಾರಣಗಳಲ್ಲಿ ಒಂದು, ನಮ್ಮಲ್ಲಿ ನಿಯಂತ್ರಕ ಇನ್ಹೇಲರ್ ಸೇದುವವರು ತೀರಾ ಕಡಿಮೆ ಎಂಬುದು.

ಎರಡು ಇನ್ಹೇಲರ್‌ಗಳು, ಎರಡು ಕೆಲಸಗಳು

ಆಸ್ತಮಾ ಇರುವವರ ಶ್ವಾಸನಾಳಗಳ ಒಳಪದರ ಸದಾ ಸ್ವಲ್ಪ ಊದಿಕೊಂಡಿರುತ್ತದೆ. ಧೂಳು, ಹೊಗೆ, ತಂಪು ಗಾಳಿ, ನೆಗಡಿ ತಗಲಿದೊಡನೆ ಅದು ಕೆರಳುತ್ತದೆ. ನಾಳದ ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ, ಕಫ ತುಂಬುತ್ತದೆ, ದಾರಿ ಕಿರಿದಾಗಿ ಉಸಿರಿನೊಂದಿಗೆ ಸುಯ್ಯೆಂಬ ಸದ್ದು ಬರುತ್ತದೆ.

ಸಾಲ್ಬುಟಮಾಲ್ (ಅಂಗಡಿಯಲ್ಲಿ ಹೆಚ್ಚಾಗಿ ಅಸ್ತಾಲಿನ್ ಎಂಬ ಹೆಸರಲ್ಲಿ ಸಿಗುತ್ತದೆ) ಬಿಗಿದ ಸ್ನಾಯುಗಳನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಅದರ ಪರಿಣಾಮ ನಾಲ್ಕಾರು ಗಂಟೆ ಮಾತ್ರ. ಒಳಗಿನ ಊತವನ್ನು ಅದು ಮುಟ್ಟುವುದೇ ಇಲ್ಲ. ಬುಡೆಸೊನೈಡ್, ಫ್ಲುಟಿಕಾಸೋನ್, ಬೆಕ್ಲೊಮೆಥಾಸೋನ್ ಎಂಬ ಸ್ಟೆರಾಯ್ಡ್ ಔಷಧಗಳ ಕೆಲಸ ಬೇರೆ. ಅವು ಊತವನ್ನೇ ಇಳಿಸುತ್ತವೆ. ಇದಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಹಾಗಾಗಿ ಸೇದಿದೊಡನೆ ಏನೂ ಅನಿಸುವುದಿಲ್ಲ. ‘ಇದರಲ್ಲಿ ಪವರ್ ಇಲ್ಲ’ ಎಂದು ಜನ ಬಿಟ್ಟುಬಿಡುವುದೂ ಇದಕ್ಕೇ.

ಹೆಂಚಿನ ಮನೆಯಲ್ಲಿ ಇದ್ದವರಿಗೆ ಇದು ಸುಲಭವಾಗಿ ಅರ್ಥವಾದೀತು. ಸೋರುವ ಜಾಗಕ್ಕೆ ಬಕೆಟ್ ಇಟ್ಟರೆ ಆ ಹೊತ್ತಿಗೆ ನೆಲ ಒದ್ದೆಯಾಗುವುದಿಲ್ಲ, ಆದರೆ ಮಾಡು ಸೋರುತ್ತಲೇ ಇರುತ್ತದೆ. ಮಳೆ ಬೀಳುವ ಮೊದಲೇ ಒಡೆದ ಹೆಂಚು ಬದಲಿಸಿದವನಿಗೆ ಬಕೆಟ್ಟಿನ ಅಗತ್ಯವೇ ಬರುವುದಿಲ್ಲ. ಸಾಲ್ಬುಟಮಾಲ್ ಬಕೆಟ್, ಸ್ಟೆರಾಯ್ಡ್ ಇನ್ಹೇಲರ್ ಹೆಂಚು. ಜಾಗತಿಕ ಆಸ್ತಮಾ ಮಾರ್ಗಸೂಚಿಯಾದ ಗಿನಾ 2019ರಿಂದ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳುವ ಚಿಕಿತ್ಸೆಯನ್ನು ವಯಸ್ಕರಿಗೂ ಹದಿಹರೆಯದವರಿಗೂ ಶಿಫಾರಸು ಮಾಡುತ್ತಿಲ್ಲ. ಸ್ಟೆರಾಯ್ಡ್ ಅಂಶ ಜೊತೆಗಿರಲೇಬೇಕು ಎನ್ನುತ್ತದೆ.

ಕೆನಡಾದ ಸಸ್ಕಾಚೆವಾನ್ ಪ್ರಾಂತದಲ್ಲಿ 30,000ಕ್ಕೂ ಹೆಚ್ಚು ಆಸ್ತಮಾ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ವರ್ಷದಲ್ಲಿ ಬಳಸಿದ ಸ್ಟೆರಾಯ್ಡ್ ಇನ್ಹೇಲರ್‌ಗಳ ಸಂಖ್ಯೆ ಒಂದೊಂದು ಹೆಚ್ಚಿದಂತೆ ಆಸ್ತಮಾದಿಂದ ಸಾಯುವ ಪ್ರಮಾಣ 21 ಶೇಕಡದಂತೆ ಇಳಿದಿತ್ತು. ಬಳಕೆ ನಿಲ್ಲಿಸಿದವರಲ್ಲಿ ಮೊದಲ ಮೂರು ತಿಂಗಳಲ್ಲಿ ಸಾವಿನ ಪ್ರಮಾಣ ಏರಿತ್ತು. ಗುಣವಾಯಿತೆಂದು ಬಿಡುವ ಮೊದಲು ಈ ಒಂದು ಸಂಗತಿಯನ್ನು ನೆನಪಿಡಬೇಕು.

ಸ್ಟೆರಾಯ್ಡ್ ಎಂಬ ಭಯ

ಜಿಮ್‌ಗೆ ಹೋಗುವವರು ಮೈ ಬೆಳೆಸಲು ಚುಚ್ಚಿಕೊಳ್ಳುವ ಸ್ಟೆರಾಯ್ಡ್ ಬೇರೆ, ಇದು ಬೇರೆ. ಇನ್ಹೇಲರ್‌ನಲ್ಲಿರುವುದು ನಮ್ಮ ಶರೀರವೇ ದಿನಾ ತಯಾರಿಸುವ ಕಾರ್ಟಿಸೋಲ್‌ನ ಬಂಧು.

ಪ್ರಮಾಣವನ್ನೂ ಲೆಕ್ಕ ಹಾಕಿ ನೋಡೋಣ. ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದಾಗ ವೈದ್ಯರು ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಮಾತ್ರೆ ಕೊಡುವುದುಂಟು. 40 ಮಿಲಿಗ್ರಾಂ ಎಂದರೆ 40,000 ಮೈಕ್ರೋಗ್ರಾಂ. ಇನ್ಹೇಲರ್‌ನಲ್ಲಿ ಅನೇಕರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಬುಡೆಸೊನೈಡ್ ಸಾಕಾಗುತ್ತದೆ. ಎರಡೂ ಬೇರೆ ಬೇರೆ ಔಷಧಗಳಾದ್ದರಿಂದ ತೂಕಕ್ಕೆ ತೂಕ ಸಮ ಎನ್ನಲಾಗದು. ಆದರೂ ಒಂದು ದಿನದ ಮಾತ್ರೆಯ ತೂಕದಲ್ಲಿ 100 ದಿನಗಳ ಇನ್ಹೇಲರ್ ಔಷಧ ಇದೆ. ಮಾತ್ರೆಯಾದರೆ ರಕ್ತದ ಮೂಲಕ ಮೈಯೆಲ್ಲ ಹರಡುತ್ತದೆ. ಇನ್ಹೇಲರ್ ಔಷಧ ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತದೆ. ಸ್ಟೆರಾಯ್ಡ್ ಬೇಡವೆಂದು ಇನ್ಹೇಲರ್ ಬಿಟ್ಟವರು ಕೊನೆಗೆ ಆಸ್ಪತ್ರೆಯಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಸ್ಟೆರಾಯ್ಡ್ ಪಡೆಯಬೇಕಾಗುತ್ತದೆ.

ಅಡ್ಡ ಪರಿಣಾಮಗಳೇ ಇಲ್ಲವೆಂದಲ್ಲ. ಬಾಯಿಯಲ್ಲಿ ಬಿಳಿ ಅಗ್ರ ಕಟ್ಟಬಹುದು, ಸ್ವರ ಒಡೆಯಬಹುದು. ಬಾಯಿ ಮುಕ್ಕಳಿಸಿದರೆ ಇವೆರಡೂ ಬಹುಮಟ್ಟಿಗೆ ತಪ್ಪುತ್ತವೆ. ಹೆಚ್ಚಿನ ಪ್ರಮಾಣವನ್ನು ಹಲವು ವರ್ಷ ಸೇದಿದವರಲ್ಲಿ ಮೂಳೆ ಮತ್ತು ಕಣ್ಣಿಗೆ ತೊಂದರೆಯಾಗುವ ಸಾಧ್ಯತೆಯಿದೆ. ಮಕ್ಕಳ ಎತ್ತರದ ಬಗ್ಗೆ ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು 1,000 ಮಕ್ಕಳನ್ನು ದೊಡ್ಡವರಾಗುವ ತನಕ ಗಮನಿಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಬಾಲ್ಯದಲ್ಲಿ ನಾಲ್ಕಾರು ವರ್ಷ ಬುಡೆಸೊನೈಡ್ ಸೇದಿದವರು ಸರಾಸರಿ 1.2 ಸೆಂಟಿಮೀಟರ್ ಕುಳ್ಳಗಿದ್ದರು. ಒಂದು ಬೆರಳಿನ ಅಗಲಕ್ಕಿಂತ ಕಡಿಮೆ. ಇನ್ನೊಂದು ಕಡೆ ಇಟ್ಟು ತೂಗಬೇಕಾದದ್ದು ರಾತ್ರಿಯಿಡೀ ಕೆಮ್ಮುವ, ಶಾಲೆ ತಪ್ಪಿಸಿಕೊಳ್ಳುವ, ಓಡಲಾರದ ಮಗುವಿನ ಬಾಲ್ಯವನ್ನು.

ಇದು ಚಟವೂ ಅಲ್ಲ. ಚಟದ ವಸ್ತು ದಿನಕಳೆದಂತೆ ಹೆಚ್ಚು ಬೇಕೆನಿಸುತ್ತದೆ. ಇಲ್ಲಿ ನಡೆಯುವುದು ತದ್ವಿರುದ್ಧ. ಸುಮಾರು ಮೂರು ತಿಂಗಳು ಉಸಿರು ಹತೋಟಿಯಲ್ಲಿದ್ದರೆ ವೈದ್ಯರೇ ಪ್ರಮಾಣ ತಗ್ಗಿಸುತ್ತಾರೆ. ಗರ್ಭಿಣಿಯರೂ ಭಯಪಟ್ಟು ಬಿಡಬಾರದು. ತಾಯಿಗೆ ಉಸಿರು ಕಟ್ಟಿದರೆ ಹೊಟ್ಟೆಯಲ್ಲಿರುವ ಮಗುವಿಗೂ ಆಮ್ಲಜನಕ ಕಡಿಮೆಯಾಗುತ್ತದೆ.

ಸೇದುವ ಕ್ರಮ

ತಪ್ಪು ಕ್ರಮದಲ್ಲಿ ಸೇದಿದರೆ ಔಷಧ ಗಂಟಲಿನಲ್ಲೇ ಉಳಿಯುತ್ತದೆ. ಪಂಪ್ ಆದರೆ ಚೆನ್ನಾಗಿ ಅಲುಗಾಡಿಸಿ. ಪೂರ್ತಿ ಉಸಿರು ಹೊರಬಿಡಿ. ತುಟಿ ಬಿಗಿಹಿಡಿದು ನಿಧಾನವಾಗಿ ಎಳೆಯಲು ತೊಡಗುತ್ತಲೇ ಒಮ್ಮೆ ಒತ್ತಿ, ಎಳೆಯುತ್ತಾ ಹೋಗಿ. 10 ಎಣಿಸುವ ತನಕ ಉಸಿರು ಹಿಡಿಯಿರಿ. ಎರಡನೆಯ ಪಫ್‌ಗೆ ಅರ್ಧ ನಿಮಿಷ ಬಿಟ್ಟು ಮತ್ತೆ ಅಲುಗಾಡಿಸಿ. ಒತ್ತುವುದು ಮತ್ತು ಎಳೆಯುವುದು ಕೂಡಿಬರದವರು ಸ್ಪೇಸರ್ ಎಂಬ ಕೊಳವೆ ಜೋಡಿಸಿಕೊಳ್ಳಬೇಕು. ಚಿಕ್ಕ ಮಕ್ಕಳಿಗಂತೂ ಮಾಸ್ಕ್ ಇರುವ ಸ್ಪೇಸರ್ ಬೇಕೇ ಬೇಕು. ಅದನ್ನು ವಾರಕ್ಕೊಮ್ಮೆ ಸೋಪು ನೀರಿನಲ್ಲಿ ಅದ್ದಿ ತೆಗೆದು, ಒರೆಸದೆ ಗಾಳಿಗೆ ಒಣಗಿಸಿ.

ಕ್ಯಾಪ್ಸೂಲ್ ಹಾಕಿ ಸೇದುವ ರೋಟಾಹೇಲರ್‌ನ ಕ್ರಮ ಬೇರೆ. ಅದನ್ನು ನಿಧಾನವಾಗಿ ಅಲ್ಲ, ಜೋರಾಗಿ ಆಳಕ್ಕೆ ಎಳೆಯಬೇಕು. ಅದರೊಳಗೆ ಉಸಿರು ಬಿಡಬಾರದು, ಪುಡಿ ಒದ್ದೆಯಾಗುತ್ತದೆ. ಕ್ಯಾಪ್ಸೂಲನ್ನು ನುಂಗಬಾರದು.

120 ಪಫ್‌ಗಳ ಪಂಪನ್ನು ದಿನಕ್ಕೆ 4 ಪಫ್‌ನಂತೆ ಬಳಸಿದರೆ 30 ದಿನ ಬರುತ್ತದೆ. ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ. ಬಣ್ಣ ನೋಡಿ ಗುರುತಿಸಬೇಡಿ, ಹೆಸರು ಓದಿ. ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಎರಡೂ ಇರುವ ಇನ್ಹೇಲರನ್ನು ವೈದ್ಯರು ಕೆಲವರಿಗೆ ತುರ್ತಿಗೂ ಬಳಸಲು ಹೇಳುತ್ತಾರೆ. ನಿಮಗೆ ಹೇಳಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಫಜ್ರ್ ಮತ್ತು ಇಶಾ

ದಿನಾ ಮರೆಯದಿರಲು ನಮಗೊಂದು ಸುಲಭ ದಾರಿಯಿದೆ. ಫಜ್ರ್‌ನ ವುಝೂವಿಗೆ ಮೊದಲು ಒಮ್ಮೆ, ಇಶಾದ ವುಝೂವಿಗೆ ಮೊದಲು ಒಮ್ಮೆ ಸೇದಿ. ವುಝೂವಿನಲ್ಲಿ ಹೇಗೂ ಮೂರು ಬಾರಿ ಬಾಯಿ ಮುಕ್ಕಳಿಸುತ್ತೇವೆ. ಗಂಟಲಿನ ತನಕ ಗಳಗಳ ಮಾಡಿ ನೀರು ಉಗುಳಿದರೆ ಉಳಿದ ಔಷಧ ತೊಳೆದು ಹೋಗುತ್ತದೆ. ಇನ್ಹೇಲರನ್ನು ಹಲ್ಲುಜ್ಜುವ ಬ್ರಷ್‌ನ ಪಕ್ಕದಲ್ಲೇ ಇಟ್ಟರೆ ಸಾಕು.

ರಮಝಾನಿನಲ್ಲಿ ಇನ್ಹೇಲರ್ ನಿಲ್ಲಿಸುವವರು ಬಹಳ. ಎರಡು ಹೊತ್ತಿನ ನಿಯಂತ್ರಕ ಇನ್ಹೇಲರ್ ನಿಲ್ಲಿಸಲು ಕಾರಣವೇ ಇಲ್ಲ. ಸಹ್ರಿಯ ಸಮಯ ಮುಗಿಯುವ ಮೊದಲು ಸೇದಿ ಬಾಯಿ ಮುಕ್ಕಳಿಸಿ, ಇಫ್ತಾರ್‌ನ ನಂತರ ಇನ್ನೊಮ್ಮೆ ಸೇದಿ. ಉಪವಾಸಕ್ಕೆ ಏನೂ ಬಾಧೆಯಿಲ್ಲ. ಹೀಗೆ ದಿನಾ ಸೇದುವವರಿಗೆ ಹಗಲಿನಲ್ಲಿ ತುರ್ತು ಪಂಪಿನ ಅಗತ್ಯ ಬರುವುದೂ ಕಡಿಮೆ.

ಹಗಲಿನಲ್ಲಿ ತುರ್ತು ಪಂಪ್ ಸೇದಿದರೆ ಉಪವಾಸ ಮುರಿಯುತ್ತದೆಯೇ ಎಂಬಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಸೌದಿಯ ಶೈಖ್ ಇಬ್ನ್ ಬಾಝ್ ಮತ್ತು ಶೈಖ್ ಇಬ್ನ್ ಉಸೈಮೀನ್ ಮುರಿಯುವುದಿಲ್ಲ ಎಂದರು. ನಮ್ಮ ನಾಡಿನ ಹನಫಿ, ಶಾಫಿಈ ಉಲಮಾಗಳಲ್ಲಿ ಅನೇಕರು ಮುರಿಯುತ್ತದೆ ಎನ್ನುತ್ತಾರೆ. ನಿಮ್ಮ ಮಹಲ್ಲದ ಖತೀಬರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಆದರೆ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ. ರೋಗಿಗೆ ರಿಯಾಯಿತಿಯಿದೆ ಎಂಬುದು ಸೂರಃ ಅಲ್ ಬಕರಃದಲ್ಲೇ ಇದೆ. ಉಸಿರು ಕಟ್ಟಿದವನು ಮಗ್ರಿಬ್‌ಗೆ ಕಾಯಬಾರದು, ಕೂಡಲೇ ಪಂಪ್ ಸೇದಬೇಕು. ಉಪವಾಸವನ್ನು ನಂತರ ಕಝಾ ಮಾಡಬಹುದು.

ಮನೆಯೊಳಗಿನ ಸಂಗತಿಗಳು

ಲೋಬಾನ, ಊದಿನ ಹೊಗೆ, ಸೊಳ್ಳೆ ಬತ್ತಿ, ಬೀಡಿ-ಸಿಗರೇಟು, ದಟ್ಟ ಅತ್ತರು ಉಬ್ಬಸವನ್ನು ಕೆರಳಿಸಬಲ್ಲವು. ರೋಗಿ ಇರುವ ಕೋಣೆಯಲ್ಲಿ ಊದು ಹಾಕುವುದನ್ನು ಬಿಡಿ. ಮಸೀದಿಯ ಕಾರ್ಪೆಟ್‌ಗಳನ್ನು ಆಗಾಗ ವ್ಯಾಕ್ಯೂಮ್ ಮಾಡಿಸಿ ಬಿಸಿಲಿಗೆ ಹಾಕುವುದು ಜಮಾಅತ್ ಸಮಿತಿಗಳು ಮಾಡಬಹುದಾದ ಒಳ್ಳೆಯ ಕೆಲಸ. ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿಗೆ ಹೋಗಿ ಮೀನಿನ ಔಷಧ ನುಂಗಿ ಬರುವವರು ನಮ್ಮ ರಾಜ್ಯದಲ್ಲೂ ಇದ್ದಾರೆ. ಅದರಿಂದ ಆಸ್ತಮಾ ಗುಣವಾಗುತ್ತದೆಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಅದನ್ನು ನಂಬಿ ಇನ್ಹೇಲರ್ ಬಿಡುವುದು ಅಪಾಯ.

ಇನ್ನೊಂದು ಮಾತನ್ನು ಹೆತ್ತವರಿಗೆ ಹೇಳಲೇಬೇಕು. ಮದುವೆ ವಯಸ್ಸಿನ ಮಗಳ ಇನ್ಹೇಲರನ್ನು ಬಚ್ಚಿಡುವ ಮನೆಗಳಿವೆ. ಗಂಡಿನ ಕಡೆಯವರಿಗೆ ತಿಳಿಯಬಾರದೆಂದು ಅವಳು ಸೇದುವುದನ್ನೇ ನಿಲ್ಲಿಸುತ್ತಾಳೆ. ಮದುವೆಯ ನಂತರ ಅತ್ತೆಮನೆಯಲ್ಲಿ, ಗರ್ಭಿಣಿಯಾದಾಗ, ನಡುರಾತ್ರಿ ಉಸಿರು ಕಟ್ಟಿದಾಗ ಆ ಗುಟ್ಟು ಅವಳ ಪ್ರಾಣಕ್ಕೇ ಕುತ್ತಾಗಬಹುದು. ಆಸ್ತಮಾ ಅವಮಾನವಲ್ಲ. ದಿನಾ ಇನ್ಹೇಲರ್ ಸೇದುವ ಹುಡುಗಿ ಓದಬಲ್ಲಳು, ದುಡಿಯಬಲ್ಲಳು, ಸಂಸಾರ ನಡೆಸಬಲ್ಲಳು. ನಿಕಾಹ್‌ಗೆ ಮೊದಲೇ ನೇರವಾಗಿ ಹೇಳಿಬಿಡಿ. ಕೇಳಿದವರೂ ಅದನ್ನು ಕನ್ನಡಕ ಧರಿಸುವಷ್ಟೇ ಸಹಜವಾಗಿ ಕಾಣಲಿ.

ನಿಮ್ಮನ್ನೇ ಕೇಳಿಕೊಳ್ಳಿ

ಕಳೆದ ನಾಲ್ಕು ವಾರಗಳಲ್ಲಿ ವಾರಕ್ಕೆ ಎರಡು ಬಾರಿಗಿಂತ ಹೆಚ್ಚು ಉಬ್ಬಸ ಬಂದಿತೇ? ಕೆಮ್ಮು ಅಥವಾ ಉಬ್ಬಸ ರಾತ್ರಿ ನಿದ್ದೆಯಿಂದ ಎಬ್ಬಿಸಿತೇ? ತುರ್ತು ಪಂಪ್ ವಾರಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ಬೇಕಾಯಿತೇ? ಮೆಟ್ಟಿಲು ಹತ್ತಲು, ಮನೆಗೆಲಸ ಮಾಡಲು ಕಷ್ಟವಾಯಿತೇ? ಒಂದಕ್ಕಾದರೂ ಹೌದು ಎಂದಾದರೆ ಆಸ್ತಮಾ ಹತೋಟಿಯಲ್ಲಿಲ್ಲ. ಇನ್ಹೇಲರನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ, ಸೇದುವ ಕ್ರಮವನ್ನು ಅವರೆದುರೇ ಮಾಡಿ ತೋರಿಸಿ.

ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಪಂಪ್ ಸೇದಿದರೂ ಆರಾಮವಾಗದಿದ್ದರೆ ಅದು ತುರ್ತು ಸ್ಥಿತಿ. ರೋಗಿಯನ್ನು ಮಲಗಿಸಬೇಡಿ, ನೆಟ್ಟಗೆ ಕೂರಿಸಿ. 108ಕ್ಕೆ ಕರೆ ಮಾಡಿ. ವಾಹನ ಬರುವ ತನಕ ಸಾಲ್ಬುಟಮಾಲನ್ನು ಅರ್ಧದಿಂದ ಒಂದು ನಿಮಿಷಕ್ಕೊಂದು ಪಫ್‌ನಂತೆ, 10ರ ತನಕ, ಸಾಧ್ಯವಾದರೆ ಸ್ಪೇಸರ್ ಮೂಲಕ ಕೊಡಿ.

ಒಂಟೆಯನ್ನು ಕಟ್ಟದೆ ಅಲ್ಲಾಹನ ಮೇಲೆ ಭರವಸೆಯಿಡಲೇ ಎಂದು ಕೇಳಿದವನಿಗೆ, ಮೊದಲು ಕಟ್ಟು, ಆಮೇಲೆ ಭರವಸೆಯಿಡು ಎಂದು ಪ್ರವಾದಿ(ಸ)ರು ಕಲಿಸಿದ ಪ್ರಸಂಗ ನಮಗೆಲ್ಲ ಗೊತ್ತಿದೆ. ಒಂಟೆಯನ್ನು ಕಟ್ಟುವುದು ಅದು ಕಳೆದುಹೋದ ಮೇಲಲ್ಲ, ಕಣ್ಣೆದುರು ಇರುವಾಗಲೇ. ಉಸಿರು ಸುಗಮವಾಗಿರುವ ಇಂದಿನ ರಾತ್ರಿಯೂ ಇಶಾಕ್ಕೆ ಮೊದಲು ಆ ಎರಡು ಪಫ್ ಸೇದುವುದು ಅಂಥದ್ದೇ ಕೆಲಸ. ಶಿಫಾ ನೀಡುವವನು ಅಲ್ಲಾಹನು. ಅವನು ನಮ್ಮ ಮನೆಗಳ ರೋಗಿಗಳಿಗೆಲ್ಲ ಆರೋಗ್ಯವನ್ನು ಕರುಣಿಸಲಿ. ಆಮೀನ್.