ಟನ್ನಿನ ಸಕ್ಕರೆ, ಮಿಲಿಗ್ರಾಮಿನ ಸಕ್ಕರೆ

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಕಬ್ಬಿನ ಲೆಕ್ಕ ನಡೆಯುವುದು ಟನ್ನುಗಳಲ್ಲಿ. ಅಳಗಂಚಿಯ ಬಣ್ಣಾರಿ ಅಮ್ಮನ್ ಕಾರ್ಖಾನೆಯಿಂದ ಹೊರಡುವ ಸಕ್ಕರೆಯ ಅಣುವಿನಲ್ಲಿ ಅರ್ಧಭಾಗ ಗ್ಲೂಕೋಸ್. ಅದೇ ಗ್ಲೂಕೋಸಿನ ಬಂಧುವಾದ 2-ಎನ್‌ಬಿಡಿಜಿ ಪ್ರಯೋಗಾಲಯಗಳಿಗೆ 5 ಮಿಲಿಗ್ರಾಂ ಶೀಶೆಗಳಲ್ಲಿ ಮಾರಾಟವಾಗುತ್ತದೆ.

ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಮಿತಿಮೀರಿ ಬಳಸುತ್ತವೆಂಬುದನ್ನು ಜರ್ಮನಿಯ ಓಟ್ಟೊ ವಾರ್‌ಬರ್ಗ್ 1920ರ ದಶಕದಲ್ಲಿಯೇ ತೋರಿಸಿದ್ದರು. ಪೆಟ್ ಸ್ಕ್ಯಾನ್ ನಿಂತಿರುವುದು ಇದರ ಮೇಲೆಯೇ. ಆದರೆ ಅದಕ್ಕೆ ಬೇಕಾದ ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ; ದಾಸ್ತಾನು ಇಡಲಾಗದ ಸರಕು. ಸೈಕ್ಲೋಟ್ರಾನ್ ಹತ್ತಿರವಿಲ್ಲದವರಿಗೆ ಈ ವ್ಯವಹಾರ ಎಟುಕದು.

ಬೆಳಗುವ ಗ್ಲೂಕೋಸಿಗೆ, ಅಂದರೆ ಪ್ರತಿದೀಪ್ತ ಬಣ್ಣ ಜೋಡಿಸಿದ ಸಕ್ಕರೆಗೆ, ಈ ತೊಡಕಿಲ್ಲ. ಕತ್ತಲಲ್ಲಿ, ಶೀತಲದಲ್ಲಿ ಕಾಯ್ದಿರಿಸಬಹುದು. ಗೆಡ್ಡೆಯುಳ್ಳ ಇಲಿಗೆ ಚುಚ್ಚಿ ನೀಲಿ ಬೆಳಕು ಹಾಯಿಸಿದರೆ ಹಸಿರು ಹೊಳಪು ಕಾಣುತ್ತದೆ. ಆದರೆ ಹಸಿರು ಬೆಳಕು ರಕ್ತಮಾಂಸಗಳನ್ನು ದಾಟಿ ಹೆಚ್ಚು ದೂರ ಬಾರದು. ಆದುದರಿಂದ ಅವಕೆಂಪಿಗೆ ಸಮೀಪದ ಬಣ್ಣಗಳು ಬಂದವು. ಅಲ್ಲಿ ಬೇರೊಂದು ಸಂದೇಹ: ಬಣ್ಣದ ಅಣು ಗ್ಲೂಕೋಸಿಗಿಂತ ಹಲವು ಪಟ್ಟು ಭಾರ. ಕೋಶವು ಅದನ್ನು ಸಕ್ಕರೆಯೆಂದು ಒಳಸೇರಿಸಿಕೊಂಡಿತೋ, ಅದು ಸುಮ್ಮನೆ ಸೋರಿ ನಿಂತಿತೋ? ಬರಿಯ ಬಣ್ಣವನ್ನು ಕೊಟ್ಟು ಹೋಲಿಸದ ಫಲಿತಾಂಶ, ತಾಳೆ ನೋಡದ ಖಾತೆಯಿದ್ದಂತೆ.

ನಂಜನಗೂಡಿನಲ್ಲಿ ಔಷಧ ಮೂಲವಸ್ತುಗಳನ್ನು ತಯಾರಿಸುವ ಜುಬಿಲೆಂಟ್ ಸಮೂಹವು 2008ರಲ್ಲಿ ಕೆನಡಾದ ಡ್ರಾಕ್ಸಿಸ್ ಹೆಲ್ತ್ ಸಂಸ್ಥೆಯನ್ನು ಕೊಂಡು ವಿಕಿರಣ ಔಷಧಗಳ ಕ್ಷೇತ್ರವನ್ನು ಪ್ರವೇಶಿಸಿತು. ಅಲ್ಲಿ ಗಿರಾಕಿ ಆಸ್ಪತ್ರೆ. ಬೆಳಗುವ ಸಕ್ಕರೆಗೆ ಇಂದಿಗೂ ಸಂಶೋಧಕನೇ ಗಿರಾಕಿ. ಸಣ್ಣ ತಯಾರಕರಿಗೆ ಇಲ್ಲಿ ವೆಚ್ಚ ಬೀಳುವುದು ಗ್ಲೂಕೋಸಿಗಲ್ಲ, ಶುದ್ಧೀಕರಣಕ್ಕೆ ಮತ್ತು ಪ್ರತಿ ಬ್ಯಾಚಿನ ಪರೀಕ್ಷಾ ಪತ್ರಕ್ಕೆ. ಖರೀದಿ ಆದೇಶಗಳು ಕೈಸೇರುವ ಮೊದಲೇ ಯಂತ್ರಕ್ಕೆ ಸಾಲ ಮಾಡುವುದು ತರವಲ್ಲ.