ಬಾಡಿಗೆ ಅಗ್ಗ, ಹಾದಿ ದುಬಾರಿ

ಮಹಾನಗರದ ಮಗ್ಗುಲಲ್ಲಿರುವ ಊರುಗಳದು ಒಂದು ವಿಚಿತ್ರ ಪಾಡು. ದುಡಿಮೆ ಒಂದು ಕಡೆ, ನಿದ್ದೆ ಇನ್ನೊಂದು ಕಡೆ. ಬೆಂಗಳೂರಿನ ಸುತ್ತ ತುಮಕೂರು, ರಾಮನಗರ, ದೊಡ್ಡಬಳ್ಳಾಪುರ, ಮಾಲೂರು, ಬಂಗಾರಪೇಟೆ ಎಂದು ಇಂಥ ಊರುಗಳ ಪಟ್ಟಿ ಬೆಳೆಯುತ್ತಲೇ ಇದೆ. ಆ ಪಟ್ಟಿಯಲ್ಲಿ ಕೋಲಾರ ಚಿನ್ನದ ಗಣಿ, ಜನರ ಬಾಯಲ್ಲಿ ಕೆಜಿಎಫ್, ತುಸು ಬೇರೆಯಾಗಿ ನಿಲ್ಲುತ್ತದೆ. ಉಳಿದ ಊರುಗಳ ಜನ ಮಹಾನಗರದತ್ತ ಮುಖ ಮಾಡಿದ್ದು ಬೆಂಗಳೂರು ಬೆಳೆದದ್ದರಿಂದ. ಕೆಜಿಎಫ್‌ನವರು ರೈಲು ಹತ್ತಿದ್ದು ತಮ್ಮೂರಿನ ಕೆಲಸ ನಿಂತುಹೋದದ್ದರಿಂದ.

ಕಡಿಮೆ ಬಾಡಿಗೆಯ ಊರಲ್ಲಿದ್ದು ದೊಡ್ಡ ನಗರದಲ್ಲಿ ದುಡಿಯುವುದು ಲಾಭವೋ ನಷ್ಟವೋ ಎಂಬ ಲೆಕ್ಕಕ್ಕೆ ಈ ಊರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಬೆಳಕು ಮೊದಲು ಬಂದ ಊರು

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನದ ಗಣಿಗಾರಿಕೆಗೆ ಕೈಹಾಕಿತು. ಉತ್ತರ ಆರ್ಕಾಟು, ಚಿತ್ತೂರು ಕಡೆಗಳಿಂದ ಸಾವಿರಾರು ಜನ ಕೂಲಿಗಾಗಿ ಬಂದರು. ಗಣಿಗೆ ಬೇಕಾದ ಸರಕು ಸಾಗಿಸಲು 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಹಳಿ ಬಂತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಇಲ್ಲಿಗೆ ಹರಿಯಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ, ಅಂದರೆ ಮೂರು ವರ್ಷ ತಡವಾಗಿ. ಆಗ ಕೆಲಸ ಹುಡುಕಿಕೊಂಡು ಜನ ಬರುತ್ತಿದ್ದುದು ಈ ಊರಿಗೆ!

ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ಕೈಗೆ, ಬಳಿಕ ಕೇಂದ್ರದ ಕೈಗೆ ಬಂದವು. ಚಾಂಪಿಯನ್ ರೀಫ್‌ನಲ್ಲಿ ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಅದಿರು ತೆಗೆಯುವ ಖರ್ಚು ಏರಿತು, ಸಿಗುವ ಚಿನ್ನ ಇಳಿಯಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಸರಕು ತರಲೆಂದು ಹಾಕಿದ ಹಳಿ ಅಂದಿನಿಂದ ಊರಿನ ದುಡಿಮೆಯನ್ನೇ ಹೊರಗೆ ಸಾಗಿಸುವ ದಾರಿಯಾಯಿತು.

ಉಳಿತಾಯದ ಪಾಲು

ಈ ಬದುಕಿನ ಅನುಕೂಲಗಳು ಸಣ್ಣವಲ್ಲ. ಮೊದಲನೆಯದು ಮನೆ. ಗಣಿ ಕಾರ್ಮಿಕರಿಗಾಗಿ ಕಟ್ಟಿದ ಸಾಲು ಮನೆಗಳು ಪುಟ್ಟವು, ಹಳೆಯವು ನಿಜ. ಆದರೂ ತಲೆಯ ಮೇಲೊಂದು ಸೂರು. ಬೆಂಗಳೂರಿನಲ್ಲಿ ಮನೆ ಹಿಡಿಯಬೇಕಾದರೆ ಮುಂಗಡಕ್ಕೇ ಸಾಲ ಎತ್ತಬೇಕು. ಆ ಹೊರೆ ಇಲ್ಲಿಲ್ಲ.

ಎರಡನೆಯದು ರೈಲಿನ ಸೀಸನ್ ಟಿಕೆಟ್. ಎರಡನೇ ದರ್ಜೆಯ ಸುಮಾರು 15 ಬಿಡಿ ಪ್ರಯಾಣಗಳ ದರ ಕೊಟ್ಟರೆ ತಿಂಗಳಿಡೀ ಹೋಗಿ ಬರಬಹುದು. ಈ ರಿಯಾಯಿತಿ ಸಿಗುವುದು 150 ಕಿಲೋಮೀಟರ್‌ವರೆಗಿನ ದೂರಕ್ಕೆ. ಮಾರಿಕುಪ್ಪಂನಿಂದ ಬೆಂಗಳೂರು ರೈಲು ನಿಲ್ದಾಣಕ್ಕೆ 90 ಕಿಲೋಮೀಟರಿಗಿಂತ ಕಡಿಮೆ. ಬಾಡಿಗೆಯಲ್ಲಿ ಉಳಿದದ್ದು ಪ್ರಯಾಣದಲ್ಲಿ ಸೋರಿಹೋಗದಿರಲು ಈ ಚೀಟಿಯೇ ಕಾರಣ.

ಮೂರನೆಯದು ಹಣದ ಲೆಕ್ಕಕ್ಕೆ ಸಿಗದ್ದು: ನಂಟು. ಮಗುವನ್ನು ನೋಡಿಕೊಳ್ಳಲು ಅಜ್ಜಿ ಇದ್ದಾಳೆ, ಕಷ್ಟಕ್ಕೆ ಪಕ್ಕದ ಮನೆಯವರಿದ್ದಾರೆ. ತಮಿಳು, ತೆಲುಗು, ಕನ್ನಡ ಒಂದೇ ಬೀದಿಯಲ್ಲಿ ಬೆರೆತ ಊರಿದು. ಬೆಂಗಳೂರಿನ ಸಂಬಳ ರಾಬರ್ಟ್‌ಸನ್‌ಪೇಟೆಯ ಅಂಗಡಿಗಳಲ್ಲಿ ಖರ್ಚಾಗುವುದರಿಂದ ಊರಿನ ವ್ಯಾಪಾರವೂ ಉಸಿರಾಡುತ್ತಿದೆ.

ಗಂಟೆಗಳಲ್ಲಿ ಕಟ್ಟುವ ಬಾಡಿಗೆ

ಇನ್ನು ನಷ್ಟದ ಪುಟ. ಹೋಗುವಾಗ ಎರಡು ಗಂಟೆ, ಬರುವಾಗ ಎರಡು ಗಂಟೆ ಎಂದೇ ಹಿಡಿದರೂ ದಿನಕ್ಕೆ ನಾಲ್ಕು ಗಂಟೆ. ತಿಂಗಳಿಗೆ 25 ದಿನವೆಂದರೆ 100 ಗಂಟೆ. ಎಂಟು ಗಂಟೆಯ ದುಡಿಮೆಗೆ ಹೋಲಿಸಿದರೆ ಹನ್ನೆರಡೂವರೆ ದಿನ! ಸಂಬಳವಿಲ್ಲದ ಈ ಹನ್ನೆರಡೂವರೆ ದಿನವೇ ಅಗ್ಗದ ಮನೆಯ ನಿಜವಾದ ಬಾಡಿಗೆ. ನಿಲ್ದಾಣದಿಂದ ಕೆಲಸದ ಜಾಗಕ್ಕೆ ಹಿಡಿಯುವ ಬಸ್ಸು, ಆಟೊ ಈ ಲೆಕ್ಕದಲ್ಲಿ ಸೇರಿಲ್ಲ. ವೈಟ್‌ಫೀಲ್ಡ್ ಕಡೆ ಇಳಿಯುವವರಿಗೆ 2023ರಲ್ಲಿ ಮೆಟ್ರೊ ಬಂದದ್ದು ಅಷ್ಟರಮಟ್ಟಿಗೆ ಅನುಕೂಲವಾಯಿತು.

ಈ ಬಾಡಿಗೆ ಎಲ್ಲರಿಗೂ ಸಮನಲ್ಲ. ಕಚೇರಿ ನೌಕರ ಅರ್ಧ ಗಂಟೆ ತಡವಾದರೆ ಮೇಲಧಿಕಾರಿಯ ಮುಖ ಸಿಂಡರಿಸುತ್ತದೆ, ಅಷ್ಟೆ. ದಿನಗೂಲಿಯವನಿಗೆ ರೈಲು ತಪ್ಪಿದರೆ ಆ ದಿನದ ಕೂಲಿಯೇ ತಪ್ಪುತ್ತದೆ. ಹೆಣ್ಣುಮಕ್ಕಳಿಗಂತೂ ರೈಲು ಹತ್ತುವ ಮುಂಚೆ ಒಂದು ಪಾಳಿ, ಇಳಿದ ಮೇಲೆ ಇನ್ನೊಂದು ಪಾಳಿ ಮನೆಯಲ್ಲೇ ಕಾದಿರುತ್ತದೆ. ಅವರು ಕೊಡುವುದು ತಮ್ಮ ನಿದ್ದೆಯಿಂದ ಕಡಿದ ಗಂಟೆಗಳನ್ನು. ಎದ್ದಿರುವ ಮಕ್ಕಳನ್ನು ಭಾನುವಾರ ಮಾತ್ರ ನೋಡುವ ತಂದೆ ತಾಯಂದಿರೂ ಇಂಥ ಊರುಗಳಲ್ಲಿ ಅಪರೂಪವಲ್ಲ.

ಊರಿಗಾಗುವ ನಷ್ಟ ಬೇರೆಯೇ ಇದೆ. ದುಡಿಯುವ ವಯಸ್ಸಿನವರು ಹಗಲೆಲ್ಲ ಹೊರಗಿದ್ದರೆ ಚರಂಡಿ ಕಟ್ಟಿದೆ, ನಲ್ಲಿ ಬಂದಿಲ್ಲ ಎಂದು ನಗರಸಭೆಗೆ ಹೋಗಿ ಕೇಳುವವರಾರು? ಗಣಿಯೊಂದಿಗೆ ಕಂಪನಿಯ ಆಸ್ಪತ್ರೆಯೂ ಮುಚ್ಚಿತು. ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿ, ಜನ ಸೈನೈಡ್ ದಿಬ್ಬ ಎನ್ನುವ ಗುಡ್ಡಗಳಾಗಿ ಬಿದ್ದಿದೆ. ಗಾಳಿ ಎದ್ದರೆ ಅದರ ದೂಳು ಮನೆಯೊಳಕ್ಕೆ. ಅಗ್ಗದ ಬಾಡಿಗೆಯ ಹಿಂದೆ ಇವೂ ಇವೆ.

ಅಗ್ಗ ಏಕೆ?

ಇಲ್ಲಿಯೇ ಮುಖ್ಯ ಪ್ರಶ್ನೆ ಏಳುತ್ತದೆ. ಕೆಜಿಎಫ್ ಅಗ್ಗವಾಗಿ ಉಳಿದದ್ದು ಯಾರೋ ಯೋಜನೆ ಹಾಕಿ ಬಡವರಿಗೆ ಮನೆ ಕೊಟ್ಟದ್ದರಿಂದಲ್ಲ. ಕೆಲಸ ಹೋಯಿತು, ಮನೆ ಉಳಿಯಿತು, ಬಾಡಿಗೆ ಏರಲಿಲ್ಲ. ಹೀಗೆ ಅಗ್ಗದ ಬಾಡಿಗೆ ಮತ್ತು ನಿರುದ್ಯೋಗ ಒಂದೇ ನಾಣ್ಯದ ಎರಡು ಮುಖಗಳಾಗಿವೆ.

ಆ ಅಗ್ಗವಾದರೂ ಶಾಶ್ವತವೇ? 2024ರ ಕೊನೆಯಲ್ಲಿ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಕರ್ನಾಟಕದ ಭಾಗ ಸಂಚಾರಕ್ಕೆ ತೆರೆದುಕೊಂಡಿತು. ಅದು ಹಾದುಹೋಗುವುದು ಕೆಜಿಎಫ್‌ನ ಬಗಲಲ್ಲೇ. ಅದೇ ವರ್ಷ ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಹೆದ್ದಾರಿ ಬಂದಲ್ಲಿ ಮೊದಲು ಬರುವುದು ನಿವೇಶನದ ದಲ್ಲಾಳಿ, ಕಾರ್ಖಾನೆ ಬರುವುದಾದರೆ ಅದರ ಹಿಂದೆ. ಕೆಲಸ ಬರುವ ಮೊದಲೇ ಬೆಲೆ ಏರಿದರೆ ಈ ಊರಿನವರಿಗೆ ಅಗ್ಗದ ಮನೆಯೂ ಇಲ್ಲ, ಹತ್ತಿರದ ಕೆಲಸವೂ ಇಲ್ಲ ಎಂಬಂತಾಗುತ್ತದೆ.

1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಕಾರ್ಖಾನೆ ಈ ನೆಲದಲ್ಲೇ ಬುಲ್ಡೋಜರ್ ತಯಾರಿಸುತ್ತಿದೆ. ಇಲ್ಲಿನ ಕೈಗಳಿಗೆ ಕಸುಬು ಗೊತ್ತಿದೆ ಎನ್ನಲು ಅಷ್ಟು ಸಾಕು. ರೈಲು ಹೆಚ್ಚಿಸುವುದು, ಹೊತ್ತಿಗೆ ಸರಿಯಾಗಿ ಓಡಿಸುವುದು ಇಂದಿನ ತುರ್ತು. ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯ ಹತ್ತಿರ ಕೆಲಸ ತರುವ ಜವಾಬ್ದಾರಿಯನ್ನು ಸರ್ಕಾರಗಳು ರೈಲ್ವೆ ವೇಳಾಪಟ್ಟಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲಾಗದು. ತಿಂಗಳಿಗೆ 100 ಗಂಟೆ ಹಳಿಯ ಮೇಲೆ ಕಳೆಯುವವರಿಗೆ ಆ ಗಂಟೆಗಳಲ್ಲಿ ಅರ್ಧವಾದರೂ ಮರಳಿ ಸಿಕ್ಕರೆ, ಅಗ್ಗದ ಊರು ಎಂಬ ಮಾತಿಗೆ ಆಗ ಅರ್ಥ ಬಂದೀತು.